ಬಿಡಿಭಾಗದ ಮೈಮೇಲಿನ ಬರಹ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಳೆಯ ಮನೆಗಳ ಅಟ್ಟ ಹತ್ತಿದರೆ ಗೋಣಿಚೀಲ, ತಾಮ್ರದ ಹಂಡೆ, ಮುರಿದ ತೊಟ್ಟಿಲುಗಳ ನಡುವೆ ಒಂದು ರೇಡಿಯೋ ಪೆಟ್ಟಿಗೆ ಸಿಗುವುದು ಅಪರೂಪವಲ್ಲ. ಹಿಂಬದಿಯ ರಟ್ಟು ಬಿಚ್ಚಿದರೆ ಜೇಡರ ಬಲೆ, ಜಿರಲೆ ಹಿಕ್ಕೆ, ಧೂಳು. ಅದರ ನಡುವೆ ಕಿರುಬೆರಳ ಗಾತ್ರದ ನಾಲ್ಕು ಗಾಜಿನ ವಾಲ್ವುಗಳು. ಒಂದರ ಮೇಲೆ ಮಾಸಿದ ಬಿಳಿ ಅಕ್ಷರದಲ್ಲಿ ‘ಡಿಎಫ್ 96’ ಎಂದಿರುತ್ತದೆ. ವಿದ್ಯಾರ್ಥಿಗಳು ಇಂಥದ್ದನ್ನು ಪ್ರಯೋಗಾಲಯಕ್ಕೆ ತಂದು ‘ಇದೇನು ಸರ್?’ ಎಂದು ಕೇಳುವುದುಂಟು. ಈಗಿನ ಹುಡುಗರು ಆ ಸಂಖ್ಯೆಯನ್ನು ಮೊಬೈಲಿನಲ್ಲಿ ಹುಡುಕಿಯೇ ಬಂದಿರುತ್ತಾರೆ. ‘ಪೆಂಟೋಡ್ ವಾಲ್ವು’ ಎಂಬ ಉತ್ತರವೂ ಅವರ ಬಳಿ ಇರುತ್ತದೆ. ಆದರೆ ಅದರ ಮೊದಲ ಅಕ್ಷರ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಈ ರೇಡಿಯೋ ಕೊಂಡಾಗ ಆ ಮನೆಗೆ ಹೆಚ್ಚಾಗಿ ಕರೆಂಟು ಬಂದಿರಲಿಲ್ಲ.

ಅಪರಿಚಿತ ಬಿಡಿಭಾಗವೊಂದನ್ನು ಗುರುತಿಸುವಾಗ ಎಲ್ಲರೂ ಸಂಖ್ಯೆಯ ಹಿಂದೆ ಬೀಳುತ್ತಾರೆ. ಸಂಖ್ಯೆಗೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇದು ಯಾರ ಬರಹ? ‘471’ ಎಂಬ ಮೂರು ಅಂಕಿಗಳನ್ನೇ ನೋಡಿ. ಸಿರಾಮಿಕ್ ಧಾರಕದ ಮೇಲೆ ಅದು 470 ಪಿಕೊಫ್ಯಾರಡ್. ಎಳ್ಳುಕಾಳಿನಷ್ಟು ಪುಟ್ಟ ರೋಧಕದ ಮೇಲೆ 470 ಓಮ್. ಸಿಡಿಲಿನಿಂದ ರಕ್ಷಿಸುವ ವ್ಯಾರಿಸ್ಟರ್ ಎಂಬ ಬಿಲ್ಲೆಯ ಮೇಲೆ 470 ವೋಲ್ಟ್. ಬರೆದವರ ಪದ್ಧತಿ ಗೊತ್ತಿಲ್ಲದೆ ಅಂಕಿಯನ್ನು ಎಷ್ಟು ಸರಿಯಾಗಿ ಓದಿದರೂ ಉಪಯೋಗವಿಲ್ಲ. ಬನವಾಸಿ ನಮ್ಮ ತಾಲ್ಲೂಕಿನಲ್ಲೇ ಇರುವುದರಿಂದ ಶಾಸನದ ಹೋಲಿಕೆ ಸಹಜವಾಗಿ ನೆನಪಾಗುತ್ತದೆ. ಶಾಸನ ಓದುವವರು ಮೊದಲು ಲಿಪಿ ಯಾವ ಕಾಲದ್ದೆಂದು ನೋಡುತ್ತಾರೆ, ಆಮೇಲೆ ಪದಕ್ಕೆ ಬರುತ್ತಾರೆ. ಬಿಡಿಭಾಗಗಳ ಬರಹಕ್ಕೂ ಅಂಥದೇ ಒಂದು ಇತಿಹಾಸವಿದೆ, ಮತ್ತು ಅದು ಒಂದೇ ಊರಿನದಲ್ಲ.

ಮೊದಲ ಅಕ್ಷರದ ಮಾತು

ವಾಲ್ವು ಅಥವಾ ನಿರ್ವಾತ ನಳಿಕೆ ಕೆಲಸ ಮಾಡಬೇಕಾದರೆ ಒಳಗಿನ ಋಣಾಗ್ರ ಕಾಯಬೇಕು. ಕಾದಾಗಲೇ ಅದರಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಕಾಯಿಸಲು ಎಷ್ಟು ವೋಲ್ಟ್ ಬೇಕು ಎಂಬುದೇ ದುರಸ್ತಿಗಾರನಿಗೆ ಮೊದಲು ತಿಳಿಯಬೇಕಾದ ವಿಷಯ. ಆದ್ದರಿಂದ ಹೆಸರಿಡುವ ಪದ್ಧತಿಗಳೂ ಅಲ್ಲಿಂದಲೇ ಆರಂಭವಾದವು. ಅಮೆರಿಕದ ರೇಡಿಯೋ ತಯಾರಕರು 1933ರಲ್ಲಿ ತಂದ ಪದ್ಧತಿಯಲ್ಲಿ ಮೊದಲ ಅಂಕಿಯೇ ಸುಮಾರು ವೋಲ್ಟೇಜು: ‘6ವಿ6’ ಎಂದರೆ 6.3 ವೋಲ್ಟಿನ ವಾಲ್ವು. ಯುರೋಪಿನಲ್ಲಿ ಫಿಲಿಪ್ಸ್ ಮತ್ತು ಮಲ್ಲಾರ್ಡ್ ಕಂಪನಿಗಳು 1934ರಿಂದ ಬಳಸಿದ ಪದ್ಧತಿ ಇನ್ನಷ್ಟು ಅಚ್ಚುಕಟ್ಟು. ಅದರಲ್ಲಿ ಮೊದಲ ಅಕ್ಷರ ಶಾಖಕ್ಕೆ, ಮುಂದಿನ ಒಂದೆರಡು ಅಕ್ಷರ ಒಳರಚನೆಗೆ, ಅಂಕಿಗಳು ಕಾಲುಗಳ ಜೋಡಣೆಗೆ ಮತ್ತು ಮಾದರಿಯ ಕ್ರಮಕ್ಕೆ. ನಮ್ಮ ದೇಶದಲ್ಲಿ ಫಿಲಿಪ್ಸ್, ಮರ್ಫಿ, ಬುಷ್ ರೇಡಿಯೋಗಳು ಹರಡಿದ್ದರಿಂದ ನಮ್ಮ ಅಟ್ಟಗಳಲ್ಲಿ ಕಾಣುವುದು ಹೆಚ್ಚಾಗಿ ಈ ಎರಡನೆಯ ಬರಹವೇ.

‘ಡಿ’ ಎಂದರೆ 1.4 ವೋಲ್ಟು, ಅಂದರೆ ಬ್ಯಾಟರಿ. ‘ಇ’ ಎಂದರೆ 6.3 ವೋಲ್ಟು, ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟು. ‘ಯು’ ಎಂದರೆ ನೂರು ಮಿಲಿಆಂಪಿಯರ್ ಪ್ರವಾಹದಲ್ಲಿ ಎಲ್ಲ ವಾಲ್ವುಗಳೂ ಮಾಲೆಯಂತೆ ಸರಣಿಯಲ್ಲಿ ಕಾಯುವ ಸೆಟ್ಟು. ಎರಡನೆಯ ಸ್ಥಾನದಲ್ಲಿ ‘ಸಿ’ ಟ್ರಯೋಡ್, ‘ಎಫ್’ ಪೆಂಟೋಡ್, ‘ಎಲ್’ ಧ್ವನಿವರ್ಧಕಕ್ಕೆ ಶಕ್ತಿ ಕೊಡುವ ಪೆಂಟೋಡ್, ‘ಝಡ್’ ಎರಡೂ ಅರ್ಧಾವರ್ತಗಳನ್ನು ನೇರಗೊಳಿಸುವ ದಿಷ್ಟಕಾರಿ. ಕಾಲುಗಳ ಅಂಕಿಯಲ್ಲಿ ಮಾತ್ರ ತುಸು ತಮಾಷೆ ಇದೆ: 8ರಿಂದ ಆರಂಭವಾದರೆ ಒಂಬತ್ತು ಕಾಲು, 9ರಿಂದ ಆರಂಭವಾದರೆ ಏಳು ಕಾಲು! ಇದಿಷ್ಟು ಗೊತ್ತಿದ್ದರೆ ‘ಇಎಲ್ 84’ ಯಾವುದೆಂದು ಪುಸ್ತಕ ತೆರೆಯದೆಯೇ ಹೇಳಬಹುದು. ಅದೇ ವಾಲ್ವು ಅಮೆರಿಕದ ಬರಹದಲ್ಲಿ ‘6ಬಿಕ್ಯೂ5’.

ಈ ಅಕ್ಷರಗಳನ್ನು ನಮ್ಮ ಮೂರು ತಾಲ್ಲೂಕುಗಳ ಮೇಲೆ ಇಟ್ಟು ನೋಡಿ. ಜೋಗದ ಜಲಪಾತ ಸಿದ್ದಾಪುರ ತಾಲ್ಲೂಕಿನ ಅಂಚಿನಲ್ಲೇ ಇದೆ. ಅಲ್ಲಿನ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. ಆದರೆ ಅದು ಮೈಸೂರು ಸಂಸ್ಥಾನದ್ದು. ಉತ್ತರ ಕನ್ನಡ ಜಿಲ್ಲೆ 1956ರ ನವೆಂಬರಿನವರೆಗೂ ಮುಂಬಯಿಗೆ ಸೇರಿತ್ತು. ರಾಜ್ಯ ಒಂದಾದ ಮೇಲೂ ತೋಟದ ನಡುವೆ, ಕಾಡಿನ ಅಂಚಿನಲ್ಲಿ ಒಂಟಿಯಾಗಿ ನಿಂತ ಮನೆಗಳಿಗೆ ತಂತಿ ಎಳೆಯಲು ದಶಕಗಳೇ ಹಿಡಿದವು. ಧಾರವಾಡ ಆಕಾಶವಾಣಿ ಕೇಂದ್ರ 1950ರ ಜನವರಿಯಲ್ಲೇ ಆರಂಭವಾಗಿತ್ತು. ಹಾಗಾಗಿ ಕನ್ನಡದ ದನಿ ಕರೆಂಟಿಗಿಂತ ಮೊದಲೇ ಈ ಮನೆಗಳನ್ನು ತಲುಪಿತು. ತಲುಪಿಸಿದ್ದು ‘ಡಿ’ ಅಕ್ಷರದ ವಾಲ್ವುಗಳು.

ಇದರ ಹಿಂದಿನ ಭೌತಶಾಸ್ತ್ರವನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಡಿಕೆ 96, ಡಿಎಫ್ 96, ಡಿಎಎಫ್ 96 ಈ ಮೂರಕ್ಕೆ ತಲಾ 25 ಮಿಲಿಆಂಪಿಯರ್, ಡಿಎಲ್ 96ಕ್ಕೆ 50. ಒಟ್ಟು 125 ಮಿಲಿಆಂಪಿಯರ್. ಇದನ್ನು 1.4 ವೋಲ್ಟಿನಿಂದ ಗುಣಿಸಿದರೆ ಸಿಗುವ ಸಾಮರ್ಥ್ಯ 0.175 ವಾಟ್. ಕರೆಂಟಿನ ಸೆಟ್ಟಿನಲ್ಲಿರುವ ಒಂದೇ ಒಂದು ಇಎಲ್ 84 ತನ್ನ ಋಣಾಗ್ರ ಕಾಯಿಸಲು 6.3 ವೋಲ್ಟಿನಲ್ಲಿ 760 ಮಿಲಿಆಂಪಿಯರ್, ಅಂದರೆ ಸುಮಾರು 4.8 ವಾಟ್ ತಿನ್ನುತ್ತದೆ. ಇಡೀ ಬ್ಯಾಟರಿ ಸೆಟ್ಟಿನ ಸುಮಾರು 27 ಪಟ್ಟು! ಇದಕ್ಕಿಂತ ಹಿಂದಿನ ‘91’ರ ಸಾಲಿನ ಬ್ಯಾಟರಿ ವಾಲ್ವುಗಳಿಗೆ ತಲಾ 50 ಮಿಲಿಆಂಪಿಯರ್ ಬೇಕಿತ್ತು. 91 ಹೋಗಿ 96 ಬಂದಾಗ ತಂತುವಿನ ಬ್ಯಾಟರಿಗೆ ಬೀಳುವ ಹೊರೆ ಅರ್ಧವಾಯಿತು. ವಾರ್ತೆ ಮುಗಿದ ಕೂಡಲೇ ಕಿವಿ ತಿರುಪಿ ಆರಿಸುತ್ತಿದ್ದ ಯಜಮಾನರಿಗೆ ಈ ಒಂದು ಅಂಕಿಯ ಬೆಲೆ ಚೆನ್ನಾಗಿ ಗೊತ್ತಿತ್ತು. ತಂತುವಿಗೆ ಒಂದೂವರೆ ವೋಲ್ಟಿನ ಬ್ಯಾಟರಿಯಾದರೆ, ಧನಾಗ್ರಕ್ಕೆ 90 ವೋಲ್ಟಿನ ಬೇರೆಯೇ ಬ್ಯಾಟರಿ ಬೇಕಿತ್ತು. ಅದು ಇಟ್ಟಿಗೆಯಷ್ಟು ದಪ್ಪ, ಬೆಲೆಯೂ ಹಾಗೆಯೇ.

‘ಯು’ ಅಕ್ಷರದ ವಿಷಯಕ್ಕೆ ಬಂದರೆ ಅದು ಪ್ರಾಣಕ್ಕೆ ಸಂಬಂಧಿಸಿದ್ದು. ಯುಸಿಹೆಚ್ 81ಕ್ಕೆ 19 ವೋಲ್ಟ್, ಯುಬಿಎಫ್ 89ಕ್ಕೆ 19, ಯುಸಿಎಲ್ 82ಕ್ಕೆ 50, ಯುವೈ 85ಕ್ಕೆ 38. ಒಟ್ಟು 126 ವೋಲ್ಟ್. ಉಳಿದ ನೂರು ಚಿಲ್ಲರೆ ವೋಲ್ಟನ್ನು ಸುಮಾರು 1000 ಓಮಿನ ದಪ್ಪ ರೋಧಕವೊಂದು ಬಿಸಿಯಾಗಿ ಕಳೆಯುತ್ತದೆ. ಟ್ರಾನ್ಸ್‌ಫಾರ್ಮರಿನ ಖರ್ಚಿಲ್ಲ, ಸೆಟ್ಟು ಅಗ್ಗ. ಆದರೆ ಟ್ರಾನ್ಸ್‌ಫಾರ್ಮರ್ ಇಲ್ಲವೆಂದರೆ ಮನೆಯ ಮೇನ್ಸ್ ತಂತಿಯ ಒಂದು ಎಳೆ ನೇರವಾಗಿ ರೇಡಿಯೋದ ಲೋಹದ ಚಾಸಿಸ್ಸಿಗೆ ಜೋಡಿಸಿರುತ್ತದೆ. ಪ್ಲಗ್ಗನ್ನು ತಿರುಗಿಸಿ ಚುಚ್ಚಿದರೆ ಅದೇ ಚಾಸಿಸ್ 230 ವೋಲ್ಟಿನಲ್ಲಿರುತ್ತದೆ. ಮಳೆಗಾಲದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಅಜ್ಜನ ರೇಡಿಯೋ ನುಡಿಸುತ್ತೇನೆಂದು ಹಿಂಬದಿ ಬಿಚ್ಚಿದ ಹುಡುಗ ಮೊದಲು ಓದಬೇಕಾದದ್ದು ವಾಲ್ವಿನ ಮೇಲಿನ ಆ ಒಂದು ಅಕ್ಷರವನ್ನು. ‘ಯು’ ಕಂಡರೆ ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತಿಡಿ.

ಬಣ್ಣದ ಭಾಷೆ

ರೋಧಕಗಳ ಮೇಲೆ ಅಕ್ಷರ ಬರೆಯಲು ಜಾಗವಿಲ್ಲ. ದುಂಡನೆಯ ಮೈಮೇಲೆ ಬರೆದರೂ ಆ ಮುಖ ಕೆಳಗೆ ಬಂದರೆ ಕಾಣುವುದಿಲ್ಲ. ಅದಕ್ಕಾಗಿ 1920ರ ದಶಕದಲ್ಲಿ ಅಮೆರಿಕದ ರೇಡಿಯೋ ತಯಾರಕರ ಸಂಘ ಬಣ್ಣದ ಸಂಕೇತ ರೂಪಿಸಿತು. 1930ರ ಹೊತ್ತಿಗೆ ಅಂಥ ರೋಧಕಗಳಿರುವ ರೇಡಿಯೋಗಳು ಬಂದವು. 1952ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ ಅದನ್ನು ಮಾನಕವಾಗಿ ಒಪ್ಪಿತು.

ಇಂಗ್ಲಿಷಿನಲ್ಲಿ ಈ ಬಣ್ಣಗಳ ಅನುಕ್ರಮ ನೆನಪಿಡಲು ಬಗೆಬಗೆಯ ವಾಕ್ಯಗಳನ್ನು ಹೊಸೆದಿದ್ದಾರೆ. ಕೆಲವು ತರಗತಿಯಲ್ಲಿ ಹೇಳುವಂಥವೂ ಅಲ್ಲ. ಕನ್ನಡಕ್ಕೆ ಅದರ ಅಗತ್ಯವೇ ಇಲ್ಲ. ಕಪ್ಪು, ಕಂದು, ಕೆಂಪು, ಕಿತ್ತಳೆ: ಸೊನ್ನೆಯಿಂದ ಮೂರರವರೆಗೆ ನಾಲ್ಕು ‘ಕ’ಕಾರಗಳು. ಹಳದಿ, ಹಸಿರು: ನಾಲ್ಕು, ಐದು. ನೀಲಿ, ನೇರಳೆ: ಆರು, ಏಳು. ಬೂದು, ಬಿಳಿ: ಎಂಟು, ಒಂಬತ್ತು. ಕ ಕ ಕ ಕ, ಹ ಹ, ನ ನ, ಬ ಬ. ನಮ್ಮ ಭಾಷೆ ತಾನಾಗಿಯೇ ಸಾಲು ಕಟ್ಟಿ ಕೊಟ್ಟಿರುವಾಗ ಪರಭಾಷೆಯ ವಾಕ್ಯವನ್ನು ಉರುಹೊಡೆಸುವುದೇಕೆ?

ಹಳೆಯ ವಾಲ್ವು ರೇಡಿಯೋಗಳಲ್ಲಿ ಪಟ್ಟೆಗಳ ಬದಲು ಮೈ, ತುದಿ, ಚುಕ್ಕೆ ಎಂಬ ಪದ್ಧತಿಯೂ ಇರುತ್ತದೆ. ಇಡೀ ಮೈ ಹಳದಿ, ಒಂದು ತುದಿ ನೇರಳೆ, ನಡುವೆ ಹಳದಿ ಚುಕ್ಕೆ ಇದ್ದರೆ ಕ್ರಮವಾಗಿ 4, 7 ಮತ್ತು ನಾಲ್ಕು ಸೊನ್ನೆ, ಅಂದರೆ 470 ಕಿಲೋಓಮ್. ಇದು ತಿಳಿಯದವರು ತುದಿಯಿಂದ ತುದಿಗೆ ಪಟ್ಟೆಯಂತೆ ಓದಿ ದಾರಿ ತಪ್ಪುತ್ತಾರೆ.

ಮಲೆನಾಡಿನಲ್ಲಿ ಇನ್ನೊಂದು ತೊಡಕು. ಸೌದೆ ಒಲೆಯ ಹೊಗೆ, ವರ್ಷದಲ್ಲಿ ನಾಲ್ಕೈದು ತಿಂಗಳ ತೇವ, ರೋಧಕದ್ದೇ ಆದ ಬಿಸಿ, ಎಲ್ಲ ಸೇರಿ ಕೆಂಪು, ಕಂದು, ಕಿತ್ತಳೆ ಮೂರೂ ಒಂದೇ ಬಣ್ಣಕ್ಕೆ ತಿರುಗಿರುತ್ತವೆ. ಆಗ ಕೈಹಿಡಿಯುವುದು ಗಣಿತ. ರೋಧಕಗಳನ್ನು ಎಲ್ಲ ಬೆಲೆಗಳಲ್ಲೂ ತಯಾರಿಸುವುದಿಲ್ಲ. ಶೇಕಡಾ 10ರ ವ್ಯತ್ಯಾಸ ಒಪ್ಪುವ ಸಾಲಿನಲ್ಲಿ ಹತ್ತರಿಂದ ನೂರರವರೆಗೆ ಇರುವುದು ಹನ್ನೆರಡೇ ಮೆಟ್ಟಿಲು: 10, 12, 15, 18, 22, 27, 33, 39, 47, 56, 68, 82. ಹತ್ತರ ಹನ್ನೆರಡನೆಯ ಮೂಲ ಸುಮಾರು 1.21, ಪ್ರತಿ ಮೆಟ್ಟಿಲೂ ಹಿಂದಿನದರ ಹೆಚ್ಚುಕಡಿಮೆ 1.21 ಪಟ್ಟು. 10ರ ರೋಧಕ ಮೇಲಕ್ಕೆ ತಪ್ಪಿದರೆ 11, 12ರದು ಕೆಳಕ್ಕೆ ತಪ್ಪಿದರೆ 10.8, ನಡುವೆ ಸಂದಿ ಉಳಿಯುವುದಿಲ್ಲ. ಈಗ ಮಾಸಿದ ರೋಧಕಕ್ಕೆ ಬನ್ನಿ. ಎರಡನೆಯ ಪಟ್ಟೆ ನೇರಳೆ, ಮೊದಲನೆಯದು ಕೆಂಪೋ ಕಿತ್ತಳೆಯೋ ತಿಳಿಯದು. 37 ಎಂಬ ಮೆಟ್ಟಿಲೇ ಇಲ್ಲ, 17 ಕೂಡ ಇಲ್ಲ. ಆದ್ದರಿಂದ ಅದು 27, ಕೆಂಪು. ಅಳಿಸಿದ ಅಕ್ಷರವನ್ನು ವ್ಯಾಕರಣದಿಂದ ತುಂಬುವುದೆಂದರೆ ಇದೇ. ಮೀಟರ್ ಇಟ್ಟು ಅಳೆಯಬಹುದಲ್ಲ ಎನ್ನಬಹುದು. ಸುಟ್ಟು ತುಂಡಾದ ರೋಧಕವನ್ನು ಅಳೆದರೆ ಮೀಟರ್ ಅನಂತ ಎನ್ನುತ್ತದೆ. ಪಟ್ಟೆ ಮಾತ್ರ ಹಳೆಯ ಬೆಲೆ ಹೇಳಬಲ್ಲದು.

ಕಾಲು ಮೂರು, ಪದ್ಧತಿಯೂ ಮೂರು

ಟ್ರಾನ್ಸಿಸ್ಟರ್ ಬಂದಾಗ ಯುರೋಪಿನವರು ಹಳೆಯ ವಾಲ್ವಿನ ಹೆಸರಿಡುವ ಪದ್ಧತಿಯನ್ನೇ ಎಳೆದು ತಂದರು. 1950ರ ದಶಕದ ‘ಓಸಿ 71’ರಲ್ಲಿ ‘ಓ’ ಎಂದರೆ ಸೊನ್ನೆ: ಕಾಯಿಸಲು ಶೂನ್ಯ ವೋಲ್ಟ್! ‘ಸಿ’ ಎಂದರೆ ಟ್ರಯೋಡ್. ಕಾಯಿಸುವ ತಂತುವೇ ಇಲ್ಲದ ಹರಳಿಗೆ ತಂತುವಿನ ಲೆಕ್ಕದಲ್ಲಿ ಹೆಸರು. ಈ ಓಸಿ 71 ಗಾಜಿನ ಕವಚದಲ್ಲಿದ್ದು ಮೇಲೆ ಕಪ್ಪು ಬಣ್ಣ ಬಳಿದಿರುತ್ತಿತ್ತು. ಬಣ್ಣ ಕೆರೆದರೆ ಬೆಳಕಿಗೆ ಸ್ಪಂದಿಸುತ್ತದೆ ಎಂಬುದನ್ನು ಹವ್ಯಾಸಿಗಳು ಬೇಗ ಕಂಡುಕೊಂಡರು. ದುಬಾರಿ ಬೆಲೆಯ ಫೋಟೋ ಟ್ರಾನ್ಸಿಸ್ಟರಿನ ಕೆಲಸ ಅಗ್ಗದಲ್ಲಿ ಆಯಿತು.

1960ರ ಸುಮಾರಿಗೆ ಹೊಸ ಪದ್ಧತಿ ಬಂತು. 1966ರಲ್ಲಿ ಬ್ರಸೆಲ್ಸ್‌ನಲ್ಲಿ ಸ್ಥಾಪನೆಯಾದ ಪ್ರೊ ಎಲೆಕ್ಟ್ರಾನ್ ಸಂಸ್ಥೆ ಅದರ ನೋಂದಣಿಯ ಹೊಣೆ ಹೊತ್ತಿತು. ಇಲ್ಲಿ ಮೊದಲ ಅಕ್ಷರ ದ್ರವ್ಯಕ್ಕೆ: ‘ಎ’ ಜರ್ಮೇನಿಯಮ್, ‘ಬಿ’ ಸಿಲಿಕಾನ್. ಎರಡನೆಯದು ಕೆಲಸಕ್ಕೆ: ‘ಸಿ’ ಸಣ್ಣ ಸಾಮರ್ಥ್ಯದ ಶ್ರವ್ಯ ಆವರ್ತಾಂಕ, ‘ಡಿ’ ಹೆಚ್ಚು ಸಾಮರ್ಥ್ಯದ ಶ್ರವ್ಯ, ‘ಎಫ್’ ಹೆಚ್ಚು ಆವರ್ತಾಂಕ. ಎಸಿ 128 ಮತ್ತು ಬಿಸಿ 547 ಒಂದೇ ಕೆಲಸದ, ಬೇರೆ ದ್ರವ್ಯದ ದಾಯಾದಿಗಳು ಎಂದು ನೋಡಿದೊಡನೆ ತಿಳಿಯುತ್ತದೆ. ಅಮೆರಿಕದವರು ಇಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಸಂಧಿಗಳನ್ನು ಎಣಿಸಿ, ಡಯೋಡಿಗೆ ‘1ಎನ್’, ಟ್ರಾನ್ಸಿಸ್ಟರಿಗೆ ‘2ಎನ್’ ಎಂದು ಬರೆದು, ಮುಂದೆ ನೋಂದಣಿಯ ಸರದಿ ಸಂಖ್ಯೆ ಹಾಕಿದರು. 2ಎನ್ 3055ರ ಸಂಖ್ಯೆಯಲ್ಲಿ ಅದರ ಗುಣವೇನೂ ಇಲ್ಲ. ವಾಹನದ ನಂಬರ್ ಪ್ಲೇಟಿನಂತೆ ಅದು. ಜಪಾನಿನವರದು ಮೂರನೆಯ ದಾರಿ: 2ಎಸ್‌ಎ, 2ಎಸ್‌ಬಿ ಎಂದರೆ ಪಿಎನ್‌ಪಿ, 2ಎಸ್‌ಸಿ, 2ಎಸ್‌ಡಿ ಎಂದರೆ ಎನ್‌ಪಿಎನ್.

ಜಪಾನಿನ ಟೇಪ್ ರೆಕಾರ್ಡರುಗಳು ನಮ್ಮ ಕಡೆಗೂ ಬಂದಾಗ ದುರಸ್ತಿಗಾರರಿಗೆ ಗೊಂದಲ ಶುರುವಾಯಿತು. ಜಾಗ ಸಾಲದೆಂದು ‘2ಎಸ್’ ಭಾಗವನ್ನು ಮೈಮೇಲೆ ಅಚ್ಚು ಹಾಕುವುದಿಲ್ಲ. ‘ಸಿ1815’ ಎಂದಿದ್ದರೆ 2ಎಸ್‌ಸಿ 1815 ಎಂದು ನಾವೇ ಸೇರಿಸಿ ಓದಬೇಕು. ಸರಿ, ಹಾಗೆಂದು ‘ಸಿ547ಬಿ’ ಎಂದಿರುವುದನ್ನು 2ಎಸ್‌ಸಿ 547 ಎಂದು ಓದಿದರೆ ಕೆಟ್ಟಿತು. ಅದು ಯುರೋಪಿನ ಬಿಸಿ 547. ಅಲ್ಲಿ ಬಿದ್ದುಹೋದದ್ದು ‘ಬಿ’ ಅಕ್ಷರ. ಎರಡರ ಕವಚವೂ ಒಂದೇ ರೂಪದ ಕಪ್ಪು ಪ್ಲಾಸ್ಟಿಕ್, ಒಂದು ಬದಿ ಚಪ್ಪಟೆ. ಚಪ್ಪಟೆ ಮುಖವನ್ನು ನಮ್ಮತ್ತ ಹಿಡಿದು ಕಾಲುಗಳನ್ನು ಕೆಳಕ್ಕೆ ಮಾಡಿದರೆ ಬಿಸಿ 547ರ ಕ್ರಮ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಸಿ1815ರದು ಎಮಿಟರ್, ಕಲೆಕ್ಟರ್, ಬೇಸ್. ಒಂದರ ಜಾಗಕ್ಕೆ ಇನ್ನೊಂದನ್ನು ಹಾಗೆಯೇ ಬೆಸುಗೆ ಹಾಕಿದರೆ ಬದಲಿ ಹಾಕಿದ್ದೂ ಸುಡಬಹುದು, ಪಕ್ಕದ್ದನ್ನೂ ಸುಡಬಹುದು.

ಸಂಕಲಿತ ಮಂಡಲಗಳ ಮೇಲಿನ ಎರಡು ಸಾಲುಗಳದು ಬೇರೆ ಕತೆ. ಒಂದು ಸಾಲು 7404, ಇನ್ನೊಂದು 7438 ಎಂದಿದ್ದರೆ ಯಾವುದು ಹೆಸರು? ಎರಡೂ ನಿಜವಾದ ತಾರ್ಕಿಕ ದ್ವಾರಗಳ ಸಂಖ್ಯೆಗಳೇ. ಆದರೆ ಒಂದು ತಯಾರಿಕೆಯ ಕಾಲ: 1974ನೇ ವರ್ಷದ 38ನೇ ವಾರ. ಅಕ್ಷರದ ಪೂರ್ವಪ್ರತ್ಯಯ, ಅಂದರೆ ‘ಎಸ್‌ಎನ್’ನಂಥದ್ದು, ಯಾವ ಸಾಲಿಗಿದೆಯೋ ಅದು ಹೆಸರು.

ಜಾಲಹಳ್ಳಿಯ ಸಂಖ್ಯೆಗಳು

ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಸ್ಥಾಪನೆಯಾದದ್ದು 1954ರಲ್ಲಿ. 1961ರಲ್ಲಿ ಅದು ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. 1962ರಲ್ಲಿ ಜರ್ಮೇನಿಯಮ್ ಅರೆವಾಹಕಗಳನ್ನು. 1967ರಲ್ಲಿ ಸಿಲಿಕಾನ್ ಸಾಧನಗಳನ್ನೂ ಸಂಕಲಿತ ಮಂಡಲಗಳನ್ನೂ. ವರ್ಷಗಳನ್ನು ಗಮನಿಸಿ. ಬೇರೆ ದೇಶಗಳು ಮೂರು ತಲೆಮಾರುಗಳಲ್ಲಿ ಹತ್ತಿದ ಮೆಟ್ಟಿಲುಗಳನ್ನು ಈ ಕಾರ್ಖಾನೆ ಆರು ವರ್ಷಗಳಲ್ಲಿ ಹತ್ತಿತು. ಆದ್ದರಿಂದಲೇ ನಮ್ಮ ಹಳೆಯ ಸೆಟ್ಟುಗಳಲ್ಲಿ ‘ಬಿಇಎಲ್’ ಮುದ್ರೆಯ ವಾಲ್ವೂ ಟ್ರಾನ್ಸಿಸ್ಟರೂ ಹೆಚ್ಚುಕಡಿಮೆ ಒಂದೇ ಕಾಲದವಾಗಿ ಸಿಗುತ್ತವೆ.

ಅವುಗಳ ಬಹುಪಾಲು ಸಂಖ್ಯೆಗಳು ಯುರೋಪಿನ ಪದ್ಧತಿಯವೇ. ತೊಡಕಿರುವುದು ಉಳಿದವುಗಳಲ್ಲಿ. ಬಿಇಎಲ್ 187, ಬಿಇಎಲ್ 188 ಎಂಬವನ್ನು ಹವ್ಯಾಸಿಗಳ ಮಂಡಲಚಿತ್ರಗಳಲ್ಲಿ ನೋಡಿರುತ್ತೀರಿ. ಎಸ್‌ಎಲ್ 100, ಎಸ್‌ಕೆ 100 ಜೋಡಿಯಂತೂ ಭಾರತದ ಕಾಲೇಜು ಪ್ರಯೋಗಾಲಯಗಳ ನಿತ್ಯದ ಅತಿಥಿ. ನಮ್ಮ ಪದವಿ ತರಗತಿಗಳಲ್ಲಿ ಟ್ರಾನ್ಸಿಸ್ಟರಿನ ಲಕ್ಷಣರೇಖೆ ಎಳೆಯುವುದಕ್ಕೆ ಅದೇ ಬೇಕು. ಮೊದಲನೆಯದು ಎನ್‌ಪಿಎನ್, ಎರಡನೆಯದು ಪಿಎನ್‌ಪಿ. ಲೋಹದ ಟೋಪಿಯ ಅಂಚಿನ ಮೂಗಿಗೆ ಹತ್ತಿರದ ಕಾಲು ಎಮಿಟರ್, ಟೋಪಿಯೇ ಕಲೆಕ್ಟರ್. ಈ ಸಂಖ್ಯೆಗಳು ಮೇಲೆ ಹೇಳಿದ ಮೂರು ಪದ್ಧತಿಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ವಿದೇಶದ ದಪ್ಪ ಹೋಲಿಕೆ ಪುಸ್ತಕಗಳಲ್ಲಿ ಇವನ್ನು ಹುಡುಕುತ್ತ ಕೂತರೆ ಹೊತ್ತು ಹೋಗುತ್ತದೆ. ಇವುಗಳ ನಿಘಂಟು ಇದ್ದದ್ದು ದುರಸ್ತಿ ಅಂಗಡಿಯ ಮೇಜಿನ ಖಾನೆಯಲ್ಲಿ, ಎಣ್ಣೆ ಮತ್ತು ಬೆಸುಗೆಯ ಕಲೆ ಹತ್ತಿದ ನೋಟುಬುಕ್ಕಿನಲ್ಲಿ. ಇದಕ್ಕೆ ಬದಲು ಅದು, ಆದರೆ ನಡುವಿನ ಕಾಲು ದಾಟಿಸಬೇಕು. ಇದು ಆ ಕಂಪನಿಯದಾದರೆ ಮಾತ್ರ ನಡೆಯುತ್ತದೆ. ಇಂಥ ಟಿಪ್ಪಣಿಗಳು ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ. ಅಂಗಡಿ ಮುಚ್ಚಿ ಮೊಬೈಲ್ ರೀಚಾರ್ಜಿನ ಅಂಗಡಿಯಾದಾಗ ನೋಟುಬುಕ್ಕು ರದ್ದಿಗೆ ಹೋಗುತ್ತದೆ. ಇದು ನನಗೆ ಹಳೆಯ ರೇಡಿಯೋಗಳು ಗುಜರಿಗೆ ಹೋಗುವುದಕ್ಕಿಂತ ದೊಡ್ಡ ನಷ್ಟವಾಗಿ ಕಾಣುತ್ತದೆ.

ಆ ಪುಸ್ತಕಗಳಲ್ಲಿ ಸಂಖ್ಯೆಯ ಜೊತೆ ರೋಗವೂ ದಾಖಲಾಗಿರುತ್ತಿತ್ತು. ಎಎಫ್ 114ರಿಂದ ಎಎಫ್ 117ರವರೆಗಿನ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳಿಗೆ ನಾಲ್ಕು ಕಾಲು. ನಾಲ್ಕನೆಯದು ಲೋಹದ ಕವಚಕ್ಕೆ ಜೋಡಿಸಿದ್ದು. ಕವಚದ ಒಳಮೈಯಿಂದ ತವರದ ಕೂದಲೆಳೆಗಳು ವರ್ಷಗಳು ಕಳೆದಂತೆ ತಾವಾಗಿಯೇ ಬೆಳೆದು ಒಳಗಿನ ಅಗ್ರಗಳನ್ನು ಮುಟ್ಟುತ್ತವೆ. ಸೆಟ್ಟು ಮೂಕವಾಗುತ್ತದೆ. ಮೈಮೇಲೆ ಈ ಸಂಖ್ಯೆ ಓದಿದ ಅನುಭವಿ ಟ್ರಾನ್ಸಿಸ್ಟರನ್ನು ಕೀಳುವುದಿಲ್ಲ. ನಾಲ್ಕನೆಯ ಕಾಲನ್ನು ಕತ್ತರಿಸುತ್ತಾನೆ. ಎಷ್ಟೋ ಸಲ ರೇಡಿಯೋ ಮತ್ತೆ ಮಾತಾಡುತ್ತದೆ.

ಸಿಡಿಲಿನ ಬಿಲ್ಲೆ

ಇಷ್ಟೂ ಹಳೆಯ ಕಾಲದ್ದಾಯಿತು ಎನ್ನುವವರಿಗೆ ಇಂದಿನ ಒಂದು ಉದಾಹರಣೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆ, ಆಮೇಲೆ ಅಕ್ಟೋಬರಿನ ಸಂಜೆಯ ಸಿಡಿಲು ನಮ್ಮ ಕಡೆ ಯಾವ ಉಪಕರಣವನ್ನೂ ಬಿಡುವುದಿಲ್ಲ. ಇನ್ವರ್ಟರ್, ಟಿ.ವಿ., ಪಂಪಿನ ನಿಯಂತ್ರಕ, ಇಂಟರ್‌ನೆಟ್ ಪೆಟ್ಟಿಗೆಯ ಅಡಾಪ್ಟರ್, ಎಲ್ಲದರ ಬಾಗಿಲಲ್ಲೂ ವ್ಯಾರಿಸ್ಟರ್ ಎಂಬ ಬಿಲ್ಲೆಯೊಂದು ಕಾವಲು ನಿಂತಿರುತ್ತದೆ. ವೋಲ್ಟೇಜು ಮಿತಿ ಮೀರಿದರೆ ಅದು ಒಮ್ಮೆಲೇ ವಾಹಕವಾಗಿ ಹೊಡೆತವನ್ನು ತಾನು ನುಂಗುತ್ತದೆ. ದೊಡ್ಡ ಹೊಡೆತವಾದರೆ ಸಿಡಿದು, ತನ್ನ ಹೆಸರಿನ ಸಮೇತ ಕರಕಲಾಗುತ್ತದೆ.

ಅದು ಸಿರಾಮಿಕ್ ಧಾರಕದಂತೆಯೇ ಕಾಣುವ ನೀಲಿ ಅಥವಾ ಹಳದಿ ಬಿಲ್ಲೆ. ಪಕ್ಕದಲ್ಲೇ ಇರುವ, ಚಾಲೂ ಮಾಡಿದ ಕ್ಷಣದ ಪ್ರವಾಹವನ್ನು ತಗ್ಗಿಸುವ ಥರ್ಮಿಸ್ಟರ್ ಕೂಡ ಬಿಲ್ಲೆಯೇ. ರೂಪ ಒಂದೇ, ಬರಹ ಬೇರೆ. ‘14ಡಿ471’ ಎಂದರೆ 14 ಮಿಲಿಮೀಟರ್ ವ್ಯಾಸದ, 470 ವೋಲ್ಟಿನ ವ್ಯಾರಿಸ್ಟರ್. ‘5ಡಿ-9’ ಎಂದರೆ 25 ಡಿಗ್ರಿಯಲ್ಲಿ 5 ಓಮ್ ಇರುವ, 9 ಮಿಲಿಮೀಟರಿನ ಥರ್ಮಿಸ್ಟರ್. ಒಂದರಲ್ಲಿ ‘ಡಿ’ಯ ಹಿಂದೆ ಗಾತ್ರ, ಇನ್ನೊಂದರಲ್ಲಿ ‘ಡಿ’ಯ ಮುಂದೆ ಗಾತ್ರ! ವ್ಯಾರಿಸ್ಟರ್ ಮೇನ್ಸಿನ ಎರಡು ಎಳೆಗಳ ನಡುವೆ ಅಡ್ಡಲಾಗಿ ಇರುತ್ತದೆ; ಥರ್ಮಿಸ್ಟರ್ ಒಂದು ಎಳೆಯಲ್ಲಿ ಸರಣಿಯಾಗಿ. 5 ಓಮಿನ ಬಿಲ್ಲೆಯನ್ನು 230 ವೋಲ್ಟಿಗೆ ಅಡ್ಡ ಹಾಕಿದರೆ ಏನಾಗುತ್ತದೆ ಎಂಬುದನ್ನು ಓಮನ ನಿಯಮ ಓದಿದ ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಹೇಳಬಲ್ಲ. ಮೇನ್ಸಿಗೆ ಅಡ್ಡ ಬರುವ ಧಾರಕದ ಮೇಲೂ ‘ಎಕ್ಸ್2’ ಎಂಬ ಗುರುತಿರಲೇಬೇಕು. ಅದಿಲ್ಲದ ಸಾಮಾನ್ಯ ಧಾರಕ ಬೆಂಕಿಗೆ ಕಾರಣವಾಗಬಹುದು.

ಬರಹ ಪೂರ್ತಿ ಸುಟ್ಟಿದ್ದರೆ ಲೆಕ್ಕದಿಂದಲೇ ಬೆಲೆ ಊಹಿಸಬೇಕು. 230 ವೋಲ್ಟಿನ ಶಿಖರ ಬೆಲೆ 325. ಸಾಲಿನ ತುದಿಯ ಮನೆಗಳಲ್ಲಿ ನಡುರಾತ್ರಿ ಹೊರೆ ಇಳಿದಾಗ ವೋಲ್ಟೇಜು 260ಕ್ಕೆ ಏರಿದರೆ ಶಿಖರ 368. 470ರ ಬಿಲ್ಲೆ ಶೇಕಡಾ ಹತ್ತು ಕಡಿಮೆಯಿದ್ದರೂ 423. ಅಂದರೆ ನಿತ್ಯದ ಏರಿಳಿತಕ್ಕೆ ಅದು ಎಚ್ಚರಗೊಳ್ಳುವುದಿಲ್ಲ, ಸಿಡಿಲಿಗೆ ಎಚ್ಚರಗೊಳ್ಳುತ್ತದೆ. ಉಳಿದ ತುಂಡಿನ ವ್ಯಾಸ ಅಳೆದರೆ ಮೊದಲ ಎರಡು ಅಂಕಿಯೂ ಸಿಕ್ಕಿತು.

ಅಕ್ಷರವೇ ಇಲ್ಲದಾಗ

ಇತ್ತೀಚಿನ ಮೇಲ್ಮೈ ಜೋಡಣೆಯ ಭಾಗಗಳಲ್ಲಿ ಪೂರ್ತಿ ಹೆಸರಿಗೆ ಜಾಗವೇ ಇಲ್ಲ. ‘1ಎ’, ‘1ಎಫ್’ ಎಂಬಂಥ ಎರಡು ಅಕ್ಷರ ಮಾತ್ರ. ಬಿಸಿ 847ಬಿ ಟ್ರಾನ್ಸಿಸ್ಟರಿಗೆ ‘1ಎಫ್’. ಆದರೆ ಇಂಥ ಪುಟ್ಟ ಸಂಕೇತಗಳನ್ನು ಬೇರೆ ತಯಾರಕರು ಬೇರೆ ಭಾಗಗಳಿಗೂ ಬಳಸುವುದರಿಂದ ಕವಚದ ಆಕಾರ, ಮಂಡಲದಲ್ಲಿ ಅದರ ಜಾಗ ಎರಡನ್ನೂ ನೋಡಬೇಕು. ಶೇಕಡಾ ಒಂದರ ರೋಧಕಗಳಲ್ಲಿ ‘01ಸಿ’ ಎಂದಿದ್ದರೆ ಅದು ಹತ್ತು ಕಿಲೋಓಮ್. ‘01’ ಕೋಷ್ಟಕದ ಮೊದಲ ಬೆಲೆ 100ಕ್ಕೆ ಸಂಕೇತ, ‘ಸಿ’ ನೂರರ ಗುಣಕ. ಇನ್ನು ಕೆಲವು ತಯಾರಕರು ನಕಲಾಗಬಾರದೆಂದು ಚಿಪ್ಪಿನ ಹೆಸರನ್ನು ಉಜ್ಜಿ ಅಳಿಸಿಯೇ ಮಾರುತ್ತಾರೆ. ಇದಕ್ಕೆ ವಿರುದ್ಧವಾದ ಮೋಸವೂ ಇದೆ: ಸಣ್ಣ ಹರಳನ್ನು ದೊಡ್ಡ ಟೋಪಿಯಲ್ಲಿಟ್ಟು 2ಎನ್ 3055 ಎಂದು ಅಚ್ಚು ಹಾಕುವುದು. ಅಕ್ಷರ ಸುಳ್ಳು ಹೇಳಬಲ್ಲದು, ಸಂಧಿ ಹೇಳುವುದಿಲ್ಲ.

ಮಲ್ಟಿಮೀಟರಿನ ಡಯೋಡ್ ಪರೀಕ್ಷೆಯಲ್ಲಿ ಸಿಲಿಕಾನ್ ಸಂಧಿ 0.6ರಿಂದ 0.7 ವೋಲ್ಟ್ ತೋರಿಸುತ್ತದೆ, ಜರ್ಮೇನಿಯಮ್ 0.2ರಿಂದ 0.3. ಮೂರು ಕಾಲುಗಳಲ್ಲಿ ಉಳಿದೆರಡಕ್ಕೂ ಒಂದೇ ದಿಕ್ಕಿನಲ್ಲಿ ವಹನ ತೋರುವುದು ಬೇಸ್. ಅಲ್ಲಿ ಕೆಂಪು ತಂತಿಯಿದ್ದಾಗ ವಹನವಾದರೆ ಎನ್‌ಪಿಎನ್, ಕಪ್ಪಿದ್ದಾಗ ಆದರೆ ಪಿಎನ್‌ಪಿ. ಉಳಿದ ಎರಡರಲ್ಲಿ ಕೆಲವೇ ಮಿಲಿವೋಲ್ಟ್ ಹೆಚ್ಚು ತೋರಿಸುವುದು ಸಾಮಾನ್ಯವಾಗಿ ಎಮಿಟರ್. ಸಂಶಯವಿದ್ದರೆ, ಇಂದಿನ ಸಣ್ಣ ಸಿಲಿಕಾನ್ ಟ್ರಾನ್ಸಿಸ್ಟರುಗಳಿಗೆ 12 ವೋಲ್ಟಿನ ಮೂಲವನ್ನು 10 ಕಿಲೋಓಮಿನ ಮೂಲಕ ಹಿಮ್ಮುಖವಾಗಿ ಕೊಟ್ಟು ನೋಡಿ. ಎಮಿಟರ್ ಸಂಧಿ ಆರರಿಂದ ಒಂಬತ್ತು ವೋಲ್ಟಿನ ಆಸುಪಾಸಿನಲ್ಲೇ ಮುರಿಯುತ್ತದೆ. ಕಲೆಕ್ಟರ್ ಸಂಧಿ ಪೂರ್ತಿ 12 ವೋಲ್ಟನ್ನೂ ತಡೆಯುತ್ತದೆ. ಅಕ್ಷರ ಅಳಿಸಿದ ಝೀನರ್ ಡಯೋಡಿನ ಬೆಲೆ ತಿಳಿಯಲೂ ಇದೇ ಏರ್ಪಾಡು ಸಾಕು, ಮೂಲದ ವೋಲ್ಟೇಜು ತುಸು ಹೆಚ್ಚಿರಬೇಕು ಅಷ್ಟೆ.

ಹಳೆಯ ಅಂಗಡಿಯ ನೋಟುಬುಕ್ಕು ಯಾರ ಮನೆಯಲ್ಲಾದರೂ ಉಳಿದಿದ್ದರೆ ವಿದ್ಯಾರ್ಥಿಗಳು ಅದನ್ನು ಪ್ರತಿ ಮಾಡಿಡಬಹುದು. ಪ್ರೌಢಶಾಲೆಯ ವಿಜ್ಞಾನ ಸಂಘಕ್ಕೆ ಒಂದು ರಜೆಯ ಕೆಲಸ ಅದು. ಬರೆಯುವಾಗ ಮೈಮೇಲಿನ ಗುರುತನ್ನು ಇದ್ದಂತೆಯೇ, ಎರಡನೆಯ ಸಾಲನ್ನೂ ಬಿಡದೆ ಇಳಿಸಿಕೊಳ್ಳಿ. ತಯಾರಕರ ಮುದ್ರೆಯ ಚಿತ್ರ, ಕವಚದ ಬಣ್ಣ, ಸೆಟ್ಟಿನ ಹೆಸರು ಮತ್ತು ಅದರಲ್ಲಿ ಭಾಗ ಕೂತಿದ್ದ ಜಾಗ, ಅಳೆದ ವೋಲ್ಟೇಜು ಸೇರಿಸಿ. ಕಾಲುಗಳ ಕ್ರಮ ಬರೆಯುವಾಗ ಮೇಲಿನಿಂದ ನೋಡಿದ್ದೋ ಕೆಳಗಿನಿಂದ ನೋಡಿದ್ದೋ ಎಂಬುದನ್ನು ಪಕ್ಕದಲ್ಲೇ ನಮೂದಿಸಿ.